ಟರ್ಮಿನಲ್ ದಾರಿಯಲ್ಲಿ ಫೈಲ್ ಸಾಗಿಸುವ ಸ್ಕ್ರಿಪ್ಟ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರೂ ಎದುರಿಗಿಲ್ಲದ ಹೊತ್ತಲ್ಲಿ ಒಂದು ಮೆಷಿನ್‌ನಿಂದ ಇನ್ನೊಂದಕ್ಕೆ ಫೈಲ್ ಹೋಗಬೇಕು. ಹೋಗದಿದ್ದರೆ ಅದು ಯಾರಿಗಾದರೂ ಗೊತ್ತಾಗಬೇಕು. ಬೇಡಿಕೆ ಇಷ್ಟೇ. ಆದರೆ ಈ ಕೆಲಸಕ್ಕೆ ಕೈ ಹಾಕಿದವರೆಲ್ಲ ಸುಮಾರಾಗಿ ಇದೇ ಪ್ರಶ್ನೆಗಳಿಗೆ ಬಂದು ನಿಲ್ಲುತ್ತಾರೆ. ಕಮಾಂಡ್ ಮತ್ತು ಆಯ್ಕೆಗಳ ಹೆಸರನ್ನು ಓದುವ ಹಾಗೆಯೇ ಬರೆದಿದ್ದೇನೆ. ಟೈಪ್ ಮಾಡುವ ಮುಂಚೆ ಆಯಾ ಕಮಾಂಡಿನ ಮ್ಯಾನ್ ಪೇಜ್, ಅಂದರೆ ಅದರ ಕೈಪಿಡಿ, ತೆರೆದಿಟ್ಟುಕೊಳ್ಳಿ.

ಟರ್ಮಿನಲ್ ಕನೆಕ್ಷನ್ ಮೂಲಕ ಫೈಲ್ ಕಳಿಸುವುದು ಅಂದರೆ ನಿಜವಾಗಿ ಏನು?

ಎರಡು ಬೇರೆ ಸಂಗತಿಗಳನ್ನು ಜನ ಒಂದೇ ಹೆಸರಿನಿಂದ ಕರೆಯುತ್ತಾರೆ. ಮೊದಲನೆಯದರಲ್ಲಿ, ನೀವು ಟೈಪ್ ಮಾಡಿದ ಅಕ್ಷರಗಳು ಹೋಗುವ ದಾರಿಯಲ್ಲೇ ಫೈಲಿನ ಬೈಟ್‌ಗಳೂ ಹೋಗುತ್ತವೆ. ಸೀರಿಯಲ್ ಕೇಬಲ್, ಮೋಡೆಮ್, ಟೆಲ್ನೆಟ್ ಎಲ್ಲ ಈ ಜಾತಿಗೆ ಸೇರಿದವು. ಎರಡನೆಯದು ಎಸ್‌ಎಸ್‌ಎಚ್, ಅಂದರೆ ಕದ್ದು ಕೇಳಲಾಗದಂತೆ ಬೇರೆ ಮೆಷಿನ್‌ಗೆ ಲಾಗಿನ್ ಆಗುವ ದಾರಿ. ಅದು ಒಂದೇ ಕನೆಕ್ಷನ್ ಒಳಗೆ ಬೇರೆ ಬೇರೆ ಚಾನೆಲ್‌ಗಳನ್ನು ತೆರೆಯಬಲ್ಲದು. ಫೈಲ್ ಸಾಗಿಸಲೆಂದೇ ಇರುವ ಎಸ್‌ಎಫ್‌ಟಿಪಿ ಅದರೊಳಗೆ ಓಡುವಾಗ ಫೈಲಿಗೆ ಅದರದೇ ಚಾನೆಲ್ ಸಿಗುತ್ತದೆ, ನಡುವೆ ಟರ್ಮಿನಲ್ ಎಂಬುದೇ ಇರುವುದಿಲ್ಲ.

ಈ ವ್ಯತ್ಯಾಸ ಹಿಡಿತಕ್ಕೆ ಸಿಕ್ಕರೆ ಅರ್ಧ ತಲೆನೋವು ಕಳೆದಂತೆ. ಟರ್ಮಿನಲ್ ಮನುಷ್ಯನಿಗಾಗಿ ಮಾಡಿದ್ದು. ಟೈಪ್ ಮಾಡಿದ್ದನ್ನು ತಿರುಗಿ ತೋರಿಸುತ್ತದೆ, ಸಾಲಿನ ಕೊನೆಯನ್ನು ಬದಲಿಸುತ್ತದೆ, ಕೆಲವು ಬೈಟ್‌ಗಳನ್ನು ತನಗೆ ಕೊಟ್ಟ ಅಪ್ಪಣೆ ಎಂದುಕೊಂಡು ನುಂಗಿಬಿಡುತ್ತದೆ. ಫೈಲಿಗೆ ಇದ್ಯಾವುದೂ ಬೇಡ. ಹಾಗಾಗಿ ಟರ್ಮಿನಲ್ಲನ್ನು ತಪ್ಪಿಸಲು ಆಗುವುದಾದರೆ ತಪ್ಪಿಸಿ. ಆಗದಿದ್ದರೆ ಅದರ ಕಿತಾಪತಿಗಳನ್ನೆಲ್ಲ ಬಲ್ಲ ಪ್ರೋಟೊಕಾಲ್ ಒಂದನ್ನು ಬಳಸಿ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಈ ಎರಡು ಮಾತಿನ ವಿಸ್ತರಣೆಯೇ.

ಎಸ್‌ಸಿಪಿ, ಎಸ್‌ಎಫ್‌ಟಿಪಿ, ಆರ್‌ಸಿಂಕ್: ಯಾವುದನ್ನು ಆರಿಸಲಿ?

ಎರಡೂ ಕಡೆ ನಿಮ್ಮದೇ ಮೆಷಿನ್, ಎರಡರಲ್ಲೂ ಆರ್‌ಸಿಂಕ್ ಇದೆ ಎಂದಾದರೆ ಬೇರೆ ಯೋಚನೆ ಬೇಡ, ಅದನ್ನೇ ಬಳಸಿ. ಬದಲಾದ ಭಾಗವನ್ನಷ್ಟೇ ಕಳಿಸುತ್ತದೆ, ಮತ್ತೆ ಓಡಿಸಿದರೆ ಮುಗಿದ ಕೆಲಸವನ್ನು ಮತ್ತೆ ಮಾಡುವುದಿಲ್ಲ. ಆಚೆ ಕಡೆಯದು ಬೇರೆಯವರ ಸರ್ವರ್ ಆದರೆ ಸಾಮಾನ್ಯವಾಗಿ ಅವರು ಕೊಡುವುದು ಎಸ್‌ಎಫ್‌ಟಿಪಿ ಮಾತ್ರ. ಆಗ ಬ್ಯಾಚ್ ಫೈಲ್, ಅಂದರೆ ಕಮಾಂಡ್‌ಗಳ ಪಟ್ಟಿ, ಬರೆದು ಎಸ್‌ಎಫ್‌ಟಿಪಿಗೆ ಕೊಡಿ. ಎಸ್‌ಸಿಪಿ ಒಂದೆರಡು ಫೈಲನ್ನು ಕೈಯಾರೆ ಸಾಗಿಸಲು ಸಾಕು. 2022ರ ಏಪ್ರಿಲ್‌ನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.0ರಿಂದ ಎಸ್‌ಸಿಪಿ ಕಮಾಂಡ್ ಒಳಗೊಳಗೆ ಎಸ್‌ಎಫ್‌ಟಿಪಿಯನ್ನೇ ಬಳಸುತ್ತದೆ. ಇದ್ದಕ್ಕಿದ್ದಂತೆ ಹಳೆಯ ಉಪಕರಣವೊಂದಕ್ಕೆ ಎಸ್‌ಸಿಪಿ ಹೋಗುತ್ತಿಲ್ಲವಾದರೆ ಕಾರಣ ಬಹುಶಃ ಇದೇ. ದೊಡ್ಡ 'ಓ' ಆಯ್ಕೆ ಕೊಟ್ಟರೆ ಹಳೆಯ ಪ್ರೋಟೊಕಾಲ್‌ಗೆ ಮರಳುತ್ತದೆ.

ಬ್ಯಾಚ್ ಫೈಲ್ ವಿಷಯದಲ್ಲಿ ಒಂದು ಎಚ್ಚರಿಕೆ. ಕಮಾಂಡ್‌ಗಳನ್ನು ಪೈಪ್ (ಒಂದು ಪ್ರೋಗ್ರಾಂನ ಔಟ್‌ಪುಟ್ ಇನ್ನೊಂದಕ್ಕೆ ಹರಿಯುವ ದಾರಿ) ಮೂಲಕ ಎಸ್‌ಎಫ್‌ಟಿಪಿಗೆ ಸುರಿಯುವುದಕ್ಕೂ, ಸಣ್ಣ 'ಬಿ' ಆಯ್ಕೆಯಿಂದ ಬ್ಯಾಚ್ ಫೈಲ್ ಕೊಡುವುದಕ್ಕೂ ವ್ಯತ್ಯಾಸವಿದೆ. ಪೈಪ್ ಆದರೆ ನಡುವಿನ 'ಪುಟ್' ಕೆಟ್ಟರೂ ಅದು ಮುಂದಿನ ಸಾಲಿಗೆ ಹೋಗಿ, ಕೊನೆಗೆ ಎಲ್ಲ ಸರಿಯಿತ್ತು ಎಂಬಂತೆ ಸೊನ್ನೆ ಹಿಂದಿರುಗಿಸುತ್ತದೆ. ಬ್ಯಾಚ್ ಆದರೆ ಕೆಟ್ಟ ಕಡೆಯೇ ನಿಲ್ಲುತ್ತದೆ. ಕೆಟ್ಟರೂ ಪರವಾಗಿಲ್ಲ ಎನ್ನುವ ಸಾಲಿನ ಮುಂದೆ, ಉದಾಹರಣೆಗೆ ಈಗಾಗಲೇ ಇರಬಹುದಾದ ಫೋಲ್ಡರ್ ಮಾಡುವ ಸಾಲಿನ ಮುಂದೆ, ಒಂದು ಹೈಫನ್ ಹಾಕಿದರೆ ಅದನ್ನು ಮಾತ್ರ ಕ್ಷಮಿಸುತ್ತದೆ.

ನಮ್ಮಲ್ಲಿ ಹಳೆಯ ಎಫ್‌ಟಿಪಿ ಸ್ಕ್ರಿಪ್ಟ್ ಒಂದು ಚೆನ್ನಾಗಿಯೇ ಓಡುತ್ತಿದೆ. ಬದಲಿಸಲೇಬೇಕೇ?

ಬದಲಿಸಿ. ಎಫ್‌ಟಿಪಿಯ ಮೊದಲ ರೂಪವನ್ನು ಅಭಯ್ ಭೂಷಣ್ 1971ರಲ್ಲಿ ಬರೆದರು. ಇಂದಿಗೂ ಆಧಾರವಾಗಿರುವ ಆರ್‌ಎಫ್‌ಸಿ 959 ಎಂಬ ಇಂಟರ್ನೆಟ್ ಮಾನದಂಡ ಬಂದದ್ದು 1985ರಲ್ಲಿ. ಆ ಕಾಲದ ನೆಟ್‌ವರ್ಕ್‌ನಲ್ಲಿ ಕದ್ದು ಕೇಳುವವರ ಚಿಂತೆ ಇರಲಿಲ್ಲ. ಪಾಸ್‌ವರ್ಡ್ ಬೆತ್ತಲೆಯಾಗಿ ಹೋಗುತ್ತದೆ. 1995ರಲ್ಲಿ ಹೆಲ್ಸಿಂಕಿಯಲ್ಲಿ ತಾತು ಯುಲೋನೆನ್ ಎಸ್‌ಎಸ್‌ಎಚ್ ಬರೆಯಲು ಕಾರಣವಾದದ್ದೇ ಅವರ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ನಡೆದ ಪಾಸ್‌ವರ್ಡ್ ಕಳವು.

ಪಾಸ್‌ವರ್ಡನ್ನು ಪೈಪ್ ಮೂಲಕ ಎಸ್‌ಎಸ್‌ಎಚ್‌ಗೆ ಕೊಟ್ಟರೂ ಅದು ಮತ್ತೆ ಕೇಳುತ್ತದಲ್ಲ?

ಎಸ್‌ಎಸ್‌ಎಚ್ ಪಾಸ್‌ವರ್ಡನ್ನು ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ, ಅಂದರೆ ಪೈಪ್ ಬಂದು ಸೇರುವ ಕಡೆಯಿಂದ, ಓದುವುದಿಲ್ಲ, ನೇರವಾಗಿ ಟರ್ಮಿನಲ್ ಸಾಧನವನ್ನೇ ತೆರೆದು ಓದುತ್ತದೆ. ನೀವು ಪೈಪ್‌ನಲ್ಲಿ ಸುರಿದದ್ದು ಅದರ ಕಣ್ಣಿಗೇ ಬೀಳುವುದಿಲ್ಲ. ಇದು ಬೇಕೆಂದೇ ಮಾಡಿರುವ ಏರ್ಪಾಟು. ಇದನ್ನು ದಾಟಿಸುವ ಎಸ್‌ಎಸ್‌ಎಚ್‌ಪಾಸ್ ಎಂಬ ಸಾಧನವಿದೆ. ಆದರೆ ಪಾಸ್‌ವರ್ಡನ್ನು ಕಮಾಂಡ್ ಸಾಲಿನಲ್ಲೇ ಬರೆಯುವ ಅಭ್ಯಾಸ ಕೆಟ್ಟದ್ದು. ಅದೇ ಮೆಷಿನ್‌ನಲ್ಲಿ, ಓಡುತ್ತಿರುವ ಕಮಾಂಡ್‌ಗಳನ್ನು ತೋರಿಸುವ ಪಿಎಸ್ ಕಮಾಂಡ್ ಕೊಟ್ಟ ಬೇರೆ ಯೂಸರ್‌ಗಳಿಗೂ ಕಂಡೀತು, ಕಮಾಂಡ್ ಓದಿ ಓಡಿಸುವ ಶೆಲ್‌ನ ಹಿಸ್ಟರಿಯಲ್ಲೂ ಉಳಿದೀತು.

ಸರಿಯಾದ ದಾರಿ ಕೀ ಜೋಡಿ: ಖಾಸಗಿ ಭಾಗ ನಿಮ್ಮಲ್ಲಿ, ಸಾರ್ವಜನಿಕ ಭಾಗ ಸರ್ವರ್‌ನಲ್ಲಿ. ಇಡಿ25519 ಮಾದರಿಯ ಒಂದು ಕೀಯನ್ನು ಈ ಒಂದು ಕೆಲಸಕ್ಕೆಂದೇ ಮಾಡಿ. ನಿಮ್ಮ ಸ್ವಂತ ಲಾಗಿನ್ ಕೀಯನ್ನು ಸ್ಕ್ರಿಪ್ಟ್‌ಗೆ ಕೊಡಬೇಡಿ. ಸ್ಕ್ರಿಪ್ಟ್‌ನಲ್ಲಿ ಬ್ಯಾಚ್‌ಮೋಡ್ ಆಯ್ಕೆ ಯೆಸ್ ಇರಲಿ. ಆಗ ಕೀ ಒಪ್ಪಿಗೆಯಾಗದಿದ್ದರೆ ಎಸ್‌ಎಸ್‌ಎಚ್ ಪಾಸ್‌ವರ್ಡ್ ಕೇಳುತ್ತಾ ಬೆಳಗಿನವರೆಗೆ ಕೂರುವುದಿಲ್ಲ, ತಕ್ಷಣ ಎರರ್ ಕೊಟ್ಟು ಹೊರಬರುತ್ತದೆ.

ಕೀಗೆ ಪಾಸ್‌ಫ್ರೇಸ್ ಇಡಬೇಕೇ? ಇಟ್ಟರೆ ಅದನ್ನು ರಾತ್ರಿ ಯಾರು ಟೈಪ್ ಮಾಡುವುದು?

ಯಾರೂ ಇಲ್ಲದ ಕಡೆ ಓಡುವ ಕೀಗೆ ಪಾಸ್‌ಫ್ರೇಸ್ ಇಡುವುದು ಹೆಸರಿಗಷ್ಟೇ ಆಗುತ್ತದೆ, ಏಕೆಂದರೆ ಪಾಸ್‌ಫ್ರೇಸನ್ನೂ ಪಕ್ಕದಲ್ಲೇ ಎಲ್ಲೋ ಬರೆದಿಡಬೇಕಾಗುತ್ತದೆ. ಬದಲಿಗೆ ಆ ಕೀ ಕಳುವಾದರೂ ಕಳ್ಳನಿಗೆ ಹೆಚ್ಚೇನೂ ಸಿಗದಂತೆ ಮಾಡಿ. ಸರ್ವರ್ ಕಡೆ ಆಥರೈಸ್ಡ್ ಕೀಸ್ ಫೈಲಿನಲ್ಲಿ ಆ ಕೀಯ ಸಾಲಿನ ಮುಂದೆ 'ರಿಸ್ಟ್ರಿಕ್ಟ್' ಎಂದು ಬರೆದರೆ ಟರ್ಮಿನಲ್, ಪೋರ್ಟ್ ಫಾರ್ವರ್ಡಿಂಗ್ ಇತ್ಯಾದಿ ಎಲ್ಲ ಬಂದ್. ಅದರ ಜೊತೆ 'ಕಮಾಂಡ್' ಆಯ್ಕೆಯಲ್ಲಿ ಇಂಟರ್ನಲ್ ಎಸ್‌ಎಫ್‌ಟಿಪಿ ಎಂದು ಕಟ್ಟಿಹಾಕಿ, 'ಫ್ರಮ್' ಆಯ್ಕೆಯಲ್ಲಿ ಯಾವ ಐಪಿ ವಿಳಾಸದಿಂದ ಮಾತ್ರ ಬರಬಹುದು ಎಂದು ಬರೆಯಿರಿ. ಆರ್‌ಸಿಂಕ್ ಆದರೆ ಅದರ ಜೊತೆಗೇ ಬರುವ ಆರ್‌ಆರ್‌ಸಿಂಕ್ ಎಂಬ ಪುಟ್ಟ ಸ್ಕ್ರಿಪ್ಟ್ ಒಂದು ಫೋಲ್ಡರ್‌ಗೆ ಮಾತ್ರ ಬಾಗಿಲು ತೆರೆಯುತ್ತದೆ. ಇಷ್ಟು ಮಾಡುವವರು ಕಡಿಮೆ. ಮಾಡಬೇಕಾದದ್ದು ಮಾತ್ರ ಇಷ್ಟು.

ಮೊದಲ ಸಲ ಕನೆಕ್ಟ್ ಆದಾಗ ಯೆಸ್ ಅಥವಾ ನೋ ಎಂದು ಕೇಳುತ್ತದೆ. ಆ ಪರೀಕ್ಷೆಯನ್ನೇ ಆಫ್ ಮಾಡಿಬಿಡಲೇ?

ಬೇಡ. ಅದು ಸರ್ವರ್‌ನ ಹೋಸ್ಟ್ ಕೀ, ಅಂದರೆ ಅದರ ಗುರುತಿನ ಚೀಟಿ. ಅದನ್ನು ನೋಡದೆ ಒಪ್ಪುವುದೆಂದರೆ ಬಾಗಿಲು ತಟ್ಟಿದವರು ಯಾರೆಂದು ಕೇಳದೆ ಮನೆಯ ಕೀಲಿ ಕೊಟ್ಟ ಹಾಗೆ. ಸರ್ವರ್ ನಡೆಸುವವರಿಂದ ಫಿಂಗರ್‌ಪ್ರಿಂಟ್ ತರಿಸಿಕೊಂಡು, ತಾಳೆ ನೋಡಿ, ನೋನ್ ಹೋಸ್ಟ್ಸ್ ಫೈಲಿನಲ್ಲಿ ಮೊದಲೇ ಬರೆದಿಡಿ. ಹೊಸ ಹೊಸ ಮೆಷಿನ್‌ಗಳು ಬರುತ್ತಲೇ ಇರುವ ಕಡೆ ಸ್ಟ್ರಿಕ್ಟ್ ಹೋಸ್ಟ್ ಕೀ ಚೆಕಿಂಗ್‌ಗೆ 'ಆಕ್ಸೆಪ್ಟ್ ನ್ಯೂ' ಎಂಬ ಬೆಲೆ ಕೊಡಬಹುದು. ಮೊದಲ ಸಲ ಬಂದದ್ದನ್ನು ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಬದಲಾದರೆ ನಿಲ್ಲಿಸುತ್ತದೆ.

ಬದಲಾವಣೆ ನ್ಯಾಯವಾಗಿಯೂ ಆಗಬಹುದು. 2023ರ ಮಾರ್ಚ್‌ನಲ್ಲಿ ಗಿಟ್‌ಹಬ್ ತನ್ನ ಆರ್‌ಎಸ್‌ಎ ಹೋಸ್ಟ್ ಕೀಯನ್ನು ಬದಲಿಸಿತು, ಅದರ ಖಾಸಗಿ ಭಾಗ ಸ್ವಲ್ಪ ಹೊತ್ತು ಸಾರ್ವಜನಿಕವಾಗಿ ಕಾಣಿಸಿಕೊಂಡಿದ್ದರಿಂದ. ಹಳೆಯ ಕೀಯನ್ನು ನೆನಪಿಟ್ಟುಕೊಂಡಿದ್ದ ಸ್ಕ್ರಿಪ್ಟ್‌ಗಳು ಅಂದು ನಿಂತವು. ನಿಂತದ್ದೇ ಸರಿ. ಪರೀಕ್ಷೆ ಆಫ್ ಮಾಡಿಕೊಂಡಿದ್ದವರಿಗೆ ಕೀ ಬದಲಾದದ್ದೇ ತಿಳಿಯುತ್ತಿರಲಿಲ್ಲ.

ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆ, ಎಸ್‌ಎಫ್‌ಟಿಪಿ ಮಾತ್ರ 'ರಿಸೀವ್ಡ್ ಮೆಸೇಜ್ ಟೂ ಲಾಂಗ್ 1214606444' ಎನ್ನುತ್ತದೆ. ಇದೇನು ಸಂಖ್ಯೆ?

ಆ ಸಂಖ್ಯೆಯಲ್ಲೇ ಉತ್ತರವಿದೆ. ಎಸ್‌ಎಫ್‌ಟಿಪಿ ಕ್ಲೈಂಟ್ ಆಚೆ ಕಡೆಯಿಂದ ಬಂದ ಮೊದಲ ನಾಲ್ಕು ಬೈಟ್‌ಗಳನ್ನು ಮುಂದಿನ ಪ್ಯಾಕೆಟ್‌ನ ಉದ್ದ ಎಂದು ಓದುತ್ತದೆ. ಈಗ 1214606444 ಅನ್ನು ನಾಲ್ಕು ಬೈಟ್‌ಗಳಾಗಿ ಒಡೆದು ನೋಡಿ: 72, 101, 108, 108. ಆಸ್ಕಿ ಪಟ್ಟಿಯಲ್ಲಿ ಇವು ಎಚ್, ಇ, ಎಲ್, ಎಲ್. ಅಂದರೆ ಸರ್ವರ್ ಕಡೆ, ಶೆಲ್ ಶುರುವಾದಾಗ ಓದುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಯಾರೋ ಲಾಗಿನ್ ಆದವರಿಗೆ 'ಹಲೋ' ಹೇಳುವ ಸಾಲು ಬರೆದಿದ್ದಾರೆ. ಆ ಹಲೋವನ್ನು ಕ್ಲೈಂಟ್ ನೂರಿಪ್ಪತ್ತು ಕೋಟಿ ಬೈಟ್‌ಗಳ ಪ್ಯಾಕೆಟ್ ಎಂದುಕೊಂಡು ಗಾಬರಿಯಾಗಿದೆ. ನಿಮ್ಮಲ್ಲಿ ಬೇರೆ ಸಂಖ್ಯೆ ಬಂದಿದ್ದರೆ ಅದನ್ನೂ ಹೀಗೆಯೇ ಒಡೆಯಿರಿ. ಯಾವ ಸಾಲು ಮಾತಾಡುತ್ತಿದೆ ಎಂದು ಗೊತ್ತಾಗುತ್ತದೆ.

ಪರಿಹಾರ: ಶೆಲ್ ಇಂಟರಾಕ್ಟಿವ್ ಆಗಿದ್ದರೆ ಮಾತ್ರ ಏನಾದರೂ ಮುದ್ರಿಸುವಂತೆ ಆ ಫೈಲನ್ನು ತಿದ್ದುವುದು. ಪರೀಕ್ಷಿಸಲು ಎಸ್‌ಎಸ್‌ಎಚ್ ಮೂಲಕ ಆಚೆ ಕಡೆ 'ಟ್ರೂ' ಎಂಬ ಕಮಾಂಡನ್ನು ಓಡಿಸಿ, ಬಂದ ಉತ್ತರದ ಬೈಟ್ ಎಣಿಸಿ. ಸೊನ್ನೆ ಬರಬೇಕು.

ಕೈಯಿಂದ ಓಡಿಸಿದರೆ ಸರಿಯಾಗಿ ಓಡುತ್ತದೆ, ಕ್ರಾನ್‌ಗೆ ಹಾಕಿದರೆ ಓಡುವುದಿಲ್ಲ. ಏಕೆ?

ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್ ನಿಮ್ಮ ಲಾಗಿನ್ ಪರಿಸರವನ್ನು ತರುವುದಿಲ್ಲ. ಪಾತ್ (ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಚಿಕ್ಕದು, ಕೀಗಳನ್ನು ತೆರೆದಿಟ್ಟುಕೊಳ್ಳುವ ಎಸ್‌ಎಸ್‌ಎಚ್ ಏಜೆಂಟ್ ಇಲ್ಲ, ಟರ್ಮಿನಲ್ ಇಲ್ಲ, ಕೆಲವೊಮ್ಮೆ ಯೂಸರ್ರೇ ಬೇರೆ. ನಿಮ್ಮ ಕೈಯಲ್ಲಿ ಓಡಿದ್ದು ಏಜೆಂಟ್‌ನಲ್ಲಿದ್ದ ಕೀಯಿಂದ ಇರಬಹುದು. ಕೀ ಫೈಲಿನ ಪೂರ್ತಿ ಪಾತ್ ಬರೆದು, ಅದರ ಪರ್ಮಿಷನ್ 600 (ಒಡೆಯ ಮಾತ್ರ ಓದಿ ಬರೆಯಬಹುದು) ಇದೆಯೇ ನೋಡಿ. ಇನ್ನೊಂದು ಸಣ್ಣ ಮುಳ್ಳು: ಕ್ರಾನ್‌ಟ್ಯಾಬ್ ಸಾಲಿನಲ್ಲಿ ಶೇಕಡಾ ಚಿಹ್ನೆ ಬಂದರೆ ಅದನ್ನು ಹೊಸ ಸಾಲು ಎಂದು ಓದುತ್ತದೆ. ಫೈಲ್ ಹೆಸರಿಗೆ ದಿನಾಂಕ ಸೇರಿಸುವ ಕಮಾಂಡ್‌ನಲ್ಲಿ ಶೇಕಡಾ ಚಿಹ್ನೆ ಇದ್ದೇ ಇರುತ್ತದೆ. ಆ ಚಿಹ್ನೆಗಿಂತ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಿ, ಇಲ್ಲವೇ ಎಲ್ಲವನ್ನೂ ಒಂದು ಸ್ಕ್ರಿಪ್ಟ್ ಫೈಲಿಗೆ ಸರಿಸಿ ಕ್ರಾನ್‌ಟ್ಯಾಬ್‌ನಲ್ಲಿ ಅದರ ಹೆಸರಷ್ಟೇ ಇಡಿ. ಎರಡನೆಯದೇ ಲೇಸು.

ಹತ್ತು ಸರ್ವರ್‌ಗಳ ಪಟ್ಟಿ ಕೊಟ್ಟಿದ್ದೇನೆ, ಲೂಪ್ ಮೊದಲನೆಯದಕ್ಕೆ ಮಾತ್ರ ಓಡಿ ನಿಲ್ಲುತ್ತದೆ.

ಲೂಪ್ ಪಟ್ಟಿಯನ್ನು ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಓದುತ್ತಿದೆ, ಒಳಗಿನ ಎಸ್‌ಎಸ್‌ಎಚ್ ಕೂಡ ಅದನ್ನೇ ಓದುತ್ತದೆ. ಉಳಿದ ಒಂಬತ್ತು ಹೆಸರನ್ನು ಎಸ್‌ಎಸ್‌ಎಚ್ ನುಂಗಿದೆ. ಎಸ್‌ಎಸ್‌ಎಚ್‌ಗೆ ಸಣ್ಣ 'ಎನ್' ಆಯ್ಕೆ ಕೊಡಿ.

ಫೈಲ್ ಇನ್ನೂ ಬರುತ್ತಿರುವಾಗಲೇ ಆಚೆ ಕಡೆಯ ಪ್ರೋಗ್ರಾಂ ಅದನ್ನು ಎತ್ತಿಕೊಂಡುಬಿಡುತ್ತದೆ. ಹೇಗೆ ತಡೆಯಲಿ?

ಬೇರೆ ಹೆಸರಿನಲ್ಲಿ ಕಳಿಸಿ, ಪೂರ್ತಿಯಾದ ಮೇಲೆ ಹೆಸರು ಬದಲಿಸಿ. ಒಂದೇ ಫೈಲ್‌ಸಿಸ್ಟಂ ಒಳಗೆ ಹೆಸರು ಬದಲಿಸುವುದು ಒಂದೇ ಏಟಿಗೆ ಆಗುವ ಕೆಲಸ. ನೋಡುವವರಿಗೆ ಫೈಲ್ ಒಂದೋ ಇರುವುದಿಲ್ಲ, ಇಲ್ಲವೇ ಪೂರ್ತಿ ಇರುತ್ತದೆ. ತಾತ್ಕಾಲಿಕ ಫೋಲ್ಡರ್ ಬೇರೆ ಡಿಸ್ಕಿನಲ್ಲಿದ್ದರೆ ಈ ಭರವಸೆ ಇಲ್ಲ. ಎಸ್‌ಎಫ್‌ಟಿಪಿ ಬ್ಯಾಚ್‌ನಲ್ಲಿ 'ಪುಟ್' ಸಾಲಿನ ಕೆಳಗೆ 'ರೀನೇಮ್' ಸಾಲು ಬರೆದರೆ ಸಾಕು, ಮೇಲಿನದು ಕೆಟ್ಟರೆ ಕೆಳಗಿನದು ಓಡುವುದೇ ಇಲ್ಲ.

ಆರ್‌ಸಿಂಕ್ ಇದನ್ನು ತಾನಾಗಿಯೇ ಮಾಡುತ್ತದೆ, ಚುಕ್ಕಿಯಿಂದ ಶುರುವಾಗುವ ಅಡಗಿದ ಹೆಸರಿನಲ್ಲಿ ಬರೆದು ಕೊನೆಗೆ ಬದಲಿಸುತ್ತದೆ. ಆದರೆ 'ಇನ್‌ಪ್ಲೇಸ್' ಆಯ್ಕೆ ಕೊಟ್ಟರೆ ಆ ರಕ್ಷಣೆ ಹೋಯಿತು. 'ಪಾರ್ಷಿಯಲ್' ಆಯ್ಕೆಯೂ ಅಷ್ಟೇ ಅಪಾಯಕಾರಿ, ಕನೆಕ್ಷನ್ ಕಡಿದಾಗ ಅರ್ಧ ಫೈಲನ್ನು ನಿಜವಾದ ಹೆಸರಿನಲ್ಲೇ ಬಿಟ್ಟುಹೋಗುತ್ತದೆ. ಅರ್ಧ ಬಂದದ್ದನ್ನು ಉಳಿಸಿಕೊಳ್ಳಲೇಬೇಕಾದರೆ 'ಪಾರ್ಷಿಯಲ್ ಡೈರ್' ಬಳಸಿ.

ಸ್ಕ್ರಿಪ್ಟ್ ಸೊನ್ನೆ ಹಿಂದಿರುಗಿಸಿತು. ಫೈಲ್ ಸರಿಯಾಗಿ ತಲುಪಿದೆ ಎಂದು ನಂಬಬಹುದೇ?

ಯಾವುದರ ಸೊನ್ನೆ ಎಂದು ಮೊದಲು ಕೇಳಿಕೊಳ್ಳಿ. ಟಾರ್ ಮಾಡಿದ್ದನ್ನು, ಅಂದರೆ ಹಲವು ಫೈಲ್ ಒಂದಾಗಿ ಕಟ್ಟಿದ್ದನ್ನು, ಎಸ್‌ಎಸ್‌ಎಚ್‌ಗೆ ಪೈಪ್ ಮಾಡಿದ್ದರೆ ಶೆಲ್ ಹೇಳುವುದು ಪೈಪ್‌ನ ಕೊನೆಯ ಕಮಾಂಡಿನ ಕಥೆಯನ್ನಷ್ಟೇ. ಬ್ಯಾಶ್‌ನಲ್ಲಿ ಪೈಪ್‌ಫೇಲ್ ಆನ್ ಮಾಡದಿದ್ದರೆ ಮೊದಲ ಕಮಾಂಡ್ ಕೆಟ್ಟರೂ ಸುದ್ದಿ ಬರುವುದಿಲ್ಲ. ಎಸ್‌ಎಸ್‌ಎಚ್ ತಾನೇ ಎಡವಿದರೆ 255 ಕೊಡುತ್ತದೆ, ಇಲ್ಲದಿದ್ದರೆ ಆಚೆ ಕಡೆಯ ಕಮಾಂಡ್ ಕೊಟ್ಟ ಸಂಖ್ಯೆಯನ್ನೇ ದಾಟಿಸುತ್ತದೆ. ಆರ್‌ಸಿಂಕ್‌ನಲ್ಲಿ 23 ಬಂದರೆ ಕೆಲವು ಫೈಲ್ ಹೋಗಿಲ್ಲ. 24 ಬಂದರೆ ಪಟ್ಟಿ ಮಾಡುವಾಗ ಇದ್ದ ಫೈಲ್ ಕಳಿಸುವ ಹೊತ್ತಿಗೆ ಮಾಯವಾಗಿದೆ. 30 ಅಂದರೆ ಟೈಮ್‌ಔಟ್. ಲಾಗ್ ಫೋಲ್ಡರ್ ಸಾಗಿಸುವಾಗ 24 ಸಹಜ, ಹಣದ ಲೆಕ್ಕ ಸಾಗಿಸುವಾಗ ಅಲ್ಲ.

ಮುಖ್ಯವಾದ ಫೈಲ್ ಆದರೆ ಎರಡೂ ಕಡೆ ಶಾ256 ಮೊತ್ತ, ಅಂದರೆ ಒಳಗಿನ ಬೈಟ್‌ಗಳಿಂದ ಲೆಕ್ಕ ಹಾಕಿದ ಗುರುತು, ತೆಗೆದು ತಾಳೆ ನೋಡಿ. ಎಸ್‌ಎಸ್‌ಎಚ್ ದಾರಿಯಲ್ಲಿ ಬೈಟ್ ಕೆಡುವುದಿಲ್ಲ ನಿಜ. ಆದರೆ ಡಿಸ್ಕ್ ತುಂಬಿರಬಹುದು, ಕಳಿಸುವ ಮುಂಚೆಯೇ ಫೈಲ್ ಅರ್ಧ ಬರೆದಿದ್ದಿರಬಹುದು. ಆರ್‌ಸಿಂಕ್ ಮಾಮೂಲಿಯಾಗಿ ನೋಡುವುದು ಫೈಲಿನ ಗಾತ್ರ ಮತ್ತು ಸಮಯ ಮಾತ್ರ. ಎರಡೂ ಒಂದೇ ಆಗಿದ್ದು ಒಳಗಿನದು ಬೇರೆಯಾಗಿದ್ದರೆ 'ಚೆಕ್‌ಸಮ್' ಆಯ್ಕೆ ಇಲ್ಲದೆ ಅದಕ್ಕೆ ತಿಳಿಯದು.

ಉಪಕರಣ ಪಾಸ್‌ವರ್ಡ್ ಮತ್ತು ಮೆನು ಬಿಟ್ಟು ಬೇರೇನೂ ಕೊಡುವುದಿಲ್ಲ. ಎಕ್ಸ್‌ಪೆಕ್ಟ್ ಬಳಸಬಹುದೇ?

ಬಳಸಬಹುದು, ಅದು ಹುಟ್ಟಿದ್ದೇ ಅದಕ್ಕೆ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯಲ್ಲಿದ್ದ ಡಾನ್ ಲಿಬ್ಸ್ 1990ರ ಹೊತ್ತಿಗೆ ಟಿಸಿಎಲ್ ಭಾಷೆಯ ಮೇಲೆ ಎಕ್ಸ್‌ಪೆಕ್ಟ್ ಕಟ್ಟಿದರು. ಇಂಥ ಅಕ್ಷರ ಕಾಣಿಸುವವರೆಗೆ ಕಾಯಿ, ಕಂಡರೆ ಇದನ್ನು ಟೈಪ್ ಮಾಡು: ಅದರ ವ್ಯಾಕರಣ ಇಷ್ಟೇ. ಪೈಥಾನ್‌ನವರು ಪಿಎಕ್ಸ್‌ಪೆಕ್ಟ್ ಬಳಸುತ್ತಾರೆ.

ಎಡವುವುದು ಎರಡು ಕಡೆ. ಒಂದು, ಟೈಮ್‌ಔಟ್. ಎಕ್ಸ್‌ಪೆಕ್ಟ್ ಮಾಮೂಲಿಯಾಗಿ 10 ಸೆಕೆಂಡ್ ಕಾಯುತ್ತದೆ. ಆಮೇಲೆ ಏನು ಮಾಡಬೇಕೆಂದು ನೀವು ಬರೆದಿರದಿದ್ದರೆ ಬಾಯಿ ಬಿಡದೆ ಮುಂದಿನ ಸಾಲಿಗೆ ಹೋಗುತ್ತದೆ. ಹಾಗಾಗಿ ಪ್ರಾಂಪ್ಟ್ ಬರುವ ಮುಂಚೆಯೇ ಪಾಸ್‌ವರ್ಡ್ ಟೈಪ್ ಆಗಿ, ಅದು ಯೂಸರ್ ಹೆಸರಿನ ಜಾಗಕ್ಕೆ ಬಿದ್ದು, ಆಚೆ ಕಡೆಯ ಲಾಗ್‌ನಲ್ಲಿ ಶಾಶ್ವತವಾಗಿ ಉಳಿದ ಉದಾಹರಣೆಗಳು ಬೇಕಾದಷ್ಟಿವೆ. ಪ್ರತಿ ಕಾಯುವಿಕೆಗೂ ಟೈಮ್‌ಔಟ್ ಮತ್ತು ಈಓಎಫ್ (ಆಚೆ ಕಡೆ ಮುಚ್ಚಿಹೋಗುವುದು) ಎರಡಕ್ಕೂ ಉತ್ತರ ಬರೆಯಿರಿ. ಪಿಎಕ್ಸ್‌ಪೆಕ್ಟ್ ಈ ವಿಷಯದಲ್ಲಿ ವಾಸಿ, 30 ಸೆಕೆಂಡ್ ಆದ ಮೇಲೆ ಎಕ್ಸೆಪ್ಷನ್ ಎಸೆಯುತ್ತದೆ.

ಎರಡನೆಯದು ಎಕೋ. ಕಾಪಿ ಮುಗಿದ ಮೇಲೆ 'ಮುಗಿಯಿತು' ಎಂದು ಮುದ್ರಿಸುವ ಕಮಾಂಡ್ ಕಳಿಸಿ, ಆ ಪದಕ್ಕಾಗಿ ಕಾಯುತ್ತೀರಿ ಎಂದುಕೊಳ್ಳಿ. ಟರ್ಮಿನಲ್ ನೀವು ಟೈಪ್ ಮಾಡಿದ ಸಾಲನ್ನೇ ಮೊದಲು ತಿರುಗಿ ತೋರಿಸುತ್ತದೆ. ಅದರಲ್ಲಿ 'ಮುಗಿಯಿತು' ಎಂಬ ಪದ ಇದ್ದೇ ಇದೆ. ಕಾಪಿ ಇನ್ನೂ ಶುರುವಾಗುವ ಮುಂಚೆಯೇ ನಿಮ್ಮ ಸ್ಕ್ರಿಪ್ಟ್ ಕೆಲಸ ಆಯಿತೆಂದು ಲಾಗ್‌ಔಟ್ ಆಗುತ್ತದೆ. ಸಣ್ಣ ಫೈಲ್ ಇಟ್ಟು ಪರೀಕ್ಷಿಸುವಾಗ ಇದು ಗೊತ್ತೇ ಆಗುವುದಿಲ್ಲ, ಕಾಪಿ ಹೇಗೂ ಚಿಟಿಕೆಯಲ್ಲಿ ಮುಗಿಯುತ್ತದೆ. ದೊಡ್ಡ ಫೈಲ್ ಬಂದ ದಿನ ಕೈ ಕೊಡುತ್ತದೆ.

ಬಿಡಿಸಿಕೊಳ್ಳುವ ಉಪಾಯ ಸುಲಭ. ಕಮಾಂಡ್‌ನಲ್ಲಿ ಪದದ ನಡುವೆ ಖಾಲಿ ಉದ್ಧರಣ ಚಿಹ್ನೆ ಇಡಿ:

ಎಕೋ ಮುಗಿ""ಯಿತು:$?

ತಿರುಗಿ ಕಾಣುವ ಸಾಲಿನಲ್ಲಿ ಚಿಹ್ನೆ ಇರುವುದರಿಂದ ಅದು ನಿಮ್ಮ ಹುಡುಕಾಟಕ್ಕೆ ಹೊಂದುವುದಿಲ್ಲ. ಶೆಲ್ ಓಡಿಸಿದಾಗ ಮಾತ್ರ ಚಿಹ್ನೆ ಉದುರಿ 'ಮುಗಿಯಿತು:0' ಬರುತ್ತದೆ. ಕೊನೆಯ ಸಂಖ್ಯೆ ಹಿಂದಿನ ಕಮಾಂಡಿನ ಫಲಿತಾಂಶ, ಅದೂ ಬೋನಸ್ಸಾಗಿ ಸಿಕ್ಕಿತು. ಸ್ಕ್ರಿಪ್ಟ್ ಈ ಪೂರ್ತಿ ಸಾಲಿಗಾಗಿ ಕಾಯಲಿ. ಡಾಲರ್ ಪ್ರಾಂಪ್ಟ್‌ಗಾಗಿ ಕಾಯುವವರಿಗೆ ಯಾವುದೋ ಫೈಲ್ ಒಳಗಿನ ಡಾಲರ್ ಚಿಹ್ನೆ ಅಡ್ಡ ಬರುತ್ತದೆ.

ನೆಟ್‌ವರ್ಕೇ ಇಲ್ಲ, ಸೀರಿಯಲ್ ಕನ್ಸೋಲ್ ಮಾತ್ರ. ಬೇಸ್64 ಮಾಡಿ ಪೇಸ್ಟ್ ಮಾಡಿದರೆ ಆಗದೇ?

ಬೇಸ್64 ಅಂದರೆ ಯಾವುದೇ ಫೈಲನ್ನು ಸಾಧಾರಣ ಅಕ್ಷರಗಳಾಗಿ ಬರೆಯುವ ಕ್ರಮ. ಕೆಲವು ಕಿಲೋಬೈಟ್‌ಗೆ ಆದೀತು. ಮೊದಲು ಲೆಕ್ಕ ಹಾಕಿ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಪ್ರತಿ ಬೈಟ್‌ಗೆ ಸ್ಟಾರ್ಟ್ ಮತ್ತು ಸ್ಟಾಪ್ ಸೇರಿ 10 ಬಿಟ್ ಬೇಕು, ಅಂದರೆ ಸೆಕೆಂಡಿಗೆ 960 ಬೈಟ್. ಒಂದು ಮೆಗಾಬೈಟ್‌ಗೆ ಸುಮಾರು 18 ನಿಮಿಷ. ಬೇಸ್64 ಪ್ರತಿ 3 ಬೈಟನ್ನು 4 ಅಕ್ಷರ ಮಾಡುತ್ತದೆ, ಸಾಲಿನ ಕೊನೆಗಳೂ ಸೇರಿದರೆ ಸುಮಾರು 25 ನಿಮಿಷ. 115200 ವೇಗ ಸಿಕ್ಕರೆ ಎರಡು ನಿಮಿಷ ಚಿಲ್ಲರೆ. ಕಳಿಸುವ ಮುಂಚೆ ಜಿಜಿಪ್ ಮಾಡುವುದನ್ನು ಮರೆಯಬೇಡಿ.

ಅಪಾಯ ಇರುವುದು ವೇಗದಲ್ಲಲ್ಲ. ಪೇಸ್ಟ್ ಮಾಡಿದಾಗ ಯಾರೂ 'ಸಿಕ್ಕಿತು' ಎಂದು ಹೇಳುವುದಿಲ್ಲ. ಆಚೆ ಕಡೆಯ ಸೀರಿಯಲ್ ಚಿಪ್‌ನ ಬಫರ್ ಪುಟ್ಟದು; ಬಹುಕಾಲದಿಂದ ಬಳಕೆಯಲ್ಲಿರುವ 16550ಎ ಚಿಪ್‌ನಲ್ಲಿ 16 ಬೈಟ್. ಪ್ರೊಸೆಸರ್ ಸ್ವಲ್ಪ ತಡ ಮಾಡಿದರೂ ನಡುವಿನ ಅಕ್ಷರ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಇನ್ನೊಂದು ಗುಂಡಿ: ಬೇಸ್64 ಪೂರ್ತಿಯನ್ನು ಒಂದೇ ಉದ್ದ ಸಾಲಾಗಿ ಕಳಿಸುವುದು. ಲಿನಕ್ಸ್ ಟರ್ಮಿನಲ್ ಮಾಮೂಲಿ ಸ್ಥಿತಿಯಲ್ಲಿ ಒಂದು ಸಾಲಿಗೆ 4096 ಬೈಟ್ ಮಾತ್ರ ಇಟ್ಟುಕೊಳ್ಳುತ್ತದೆ, ಉಳಿದದ್ದು ಗಾಳಿಗೆ. 76 ಅಕ್ಷರದ ಸಾಲುಗಳೇ ಇರಲಿ. ಮೊದಲು ಎಕೋ ಆಫ್ ಮಾಡಿ, ಸಾಲು ಸಾಲಿಗೂ ಸಣ್ಣ ವಿರಾಮ ಕೊಟ್ಟು, ಕೊನೆಗೆ ಶಾ256 ತಾಳೆ ನೋಡಿ. ತಾಳೆಯಾಗದಿದ್ದರೆ ಎಲ್ಲಿ ತಪ್ಪಿತೆಂದು ಹುಡುಕುತ್ತಾ ಕೂರಬೇಡಿ, ಪ್ರೋಟೊಕಾಲ್ ಇರುವ ದಾರಿಗೆ ಹೋಗಿ.

ಎಕ್ಸ್‌ಮೋಡೆಮ್, ಝಡ್‌ಮೋಡೆಮ್, ಕೆರ್ಮಿಟ್: ಇವು ಇನ್ನೂ ಬದುಕಿವೆಯೇ?

ಟರ್ಮಿನಲ್ ತಂತಿಯಲ್ಲೇ ಫೈಲ್ ಸಾಗಿಸುವ ಈ ಹಳೆಯ ಪ್ರೋಟೊಕಾಲ್‌ಗಳು ಬದುಕಿವೆ, ಬೇರೆ ದಾರಿಯೇ ಇಲ್ಲದ ಕಡೆ. ಎಂಬೆಡೆಡ್ ಬೋರ್ಡ್‌ಗಳ ಯು-ಬೂಟ್ ಬೂಟ್‌ಲೋಡರ್‌ನಲ್ಲಿ ಎಕ್ಸ್‌ಮೋಡೆಮ್, ವೈಮೋಡೆಮ್, ಕೆರ್ಮಿಟ್ ಮೂರಕ್ಕೂ ಕಮಾಂಡ್ ಇವೆ. ಫರ್ಮ್‌ವೇರ್ ಕಳೆದುಕೊಂಡ ರೌಟರ್‌ಗೆ ಜೀವ ತುಂಬುವಾಗಲೂ ಎಕ್ಸ್‌ಮೋಡೆಮ್ ಎದುರಾಗುತ್ತದೆ.

ಎಕ್ಸ್‌ಮೋಡೆಮ್ ಅನ್ನು ವಾರ್ಡ್ ಕ್ರಿಸ್ಟೆನ್ಸನ್ 1977ರಲ್ಲಿ ಬರೆದರು. 128 ಬೈಟ್‌ಗಳ ಬ್ಲಾಕ್, ಮೂಲ ರೂಪದಲ್ಲಿ ಒಂದು ಬೈಟಿನ ಚೆಕ್‌ಸಮ್. ಅದಕ್ಕೆ ಫೈಲಿನ ನಿಜವಾದ ಗಾತ್ರ ಗೊತ್ತಿಲ್ಲ. ಕೊನೆಯ ಬ್ಲಾಕ್ ತುಂಬದಿದ್ದರೆ ಕಂಟ್ರೋಲ್-ಝಡ್ ಅಕ್ಷರ ತುಂಬಿ ಕಳಿಸುತ್ತದೆ. ಫೈಲ್ ಸರಿಯಾಗಿ ಬಂದರೂ ಶಾ256 ಬೇರೆ ಬಂದಿತೆಂದು ಗಾಬರಿಯಾಗುವ ಮುಂಚೆ ಗಾತ್ರ 128ರಿಂದ ಭಾಗವಾಗುತ್ತದೆಯೇ ನೋಡಿ. ಚಕ್ ಫೋರ್ಸ್‌ಬರ್ಗ್ 1986ರಲ್ಲಿ ತಂದ ಝಡ್‌ಮೋಡೆಮ್‌ನಲ್ಲಿ ಈ ತೊಂದರೆ ಇಲ್ಲ, ಕಡಿದ ಕಡೆಯಿಂದ ಮುಂದುವರಿಯಲೂ ಬರುತ್ತದೆ. ಲಿನಕ್ಸ್‌ನಲ್ಲಿ ಎಲ್‌ಆರ್‌ಝಡ್‌ಎಸ್‌ಝಡ್ ಪ್ಯಾಕೇಜ್ ಹಾಕಿಕೊಳ್ಳಿ. ದಾರಿ ಸ್ವಚ್ಛವಾಗಿದ್ದರೆ, ಅಂದರೆ ನಡುವೆ ಯಾರೂ ಬೈಟ್ ನುಂಗದಿದ್ದರೆ, ಇದೇ ವೇಗವಾದದ್ದು.

ದಾರಿ ಕೊಳಕಾಗಿದ್ದರೆ ಕೆರ್ಮಿಟ್‌ಗೆ ಸಾಟಿ ಇಲ್ಲ. ಇದರ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತವಿದೆ. 1981ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಡಾ ಕ್ರೂಜ್ ಮತ್ತು ಬಿಲ್ ಕ್ಯಾಚಿಂಗ್ಸ್ ಇದನ್ನು ರೂಪಿಸಿದರು. ಅಲ್ಲಿನ ದೊಡ್ಡ ಕಂಪ್ಯೂಟರ್‌ನ ಡಿಸ್ಕಿನಲ್ಲಿ ವಿದ್ಯಾರ್ಥಿಗಳ ಫೈಲ್‌ಗಳಿಗೆ ಜಾಗ ಸಾಲುತ್ತಿರಲಿಲ್ಲ. ಮೈಕ್ರೋಕಂಪ್ಯೂಟರ್ ಮೂಲಕ ಅವನ್ನು ಫ್ಲಾಪಿಗೆ ಇಳಿಸಬೇಕಿತ್ತು, ನಡುವೆ ಇದ್ದದ್ದು ಟರ್ಮಿನಲ್ ತಂತಿ ಮಾತ್ರ. ಐಬಿಎಂ ಮೇನ್‌ಫ್ರೇಮ್‌ನ ಅಕ್ಷರ ಪಟ್ಟಿಯೇ ಬೇರೆ. ಹೀಗಾಗಿ ಯಾವ ಟರ್ಮಿನಲ್ ಕೂಡ ಮುಟ್ಟಲಾರದ ಅಕ್ಷರಗಳಲ್ಲಷ್ಟೇ ಮಾತಾಡುವ ಪ್ರೋಟೊಕಾಲ್ ಮಾಡಿದರು.

ಹೇಗೆಂದು ಒಂದು ಬೈಟ್ ಹಿಡಿದು ನೋಡಿ. ಕಂಟ್ರೋಲ್-ಎಸ್‌ನ ಬೆಲೆ 19. ಅದು ತಂತಿಯಲ್ಲಿ ಹೋದರೆ ಆಚೆ ಕಡೆ 'ನಿಲ್ಲಿಸು' ಎಂದು ಅರ್ಥ ಮಾಡಿಕೊಂಡು ಎಲ್ಲ ಸ್ತಬ್ಧ. ಕಂಟ್ರೋಲ್-ಕ್ಯೂ, ಅಂದರೆ 17, ಬರುವವರೆಗೆ ಮಿಸುಕುವುದಿಲ್ಲ. ನಿಮ್ಮ ಜಿಪ್ ಫೈಲಿನೊಳಗೆ 19 ಎಂಬ ಬೈಟ್ ಸರಾಸರಿ 256ಕ್ಕೆ ಒಂದರಂತೆ ಬಂದೇ ಬರುತ್ತದೆ. ಕೆರ್ಮಿಟ್ ಅದಕ್ಕೆ 64 ಸೇರಿಸಿ 83 ಮಾಡುತ್ತದೆ, ಅದು ಸಾಧಾರಣ ದೊಡ್ಡ ಎಸ್ ಅಕ್ಷರ; ಮುಂದೆ ಒಂದು ಹ್ಯಾಶ್ ಚಿಹ್ನೆ ಇಟ್ಟು ಕಳಿಸುತ್ತದೆ. ಆಚೆ ಕಡೆ ಹ್ಯಾಶ್ ಕಂಡರೆ ಮತ್ತೆ 64 ಕಳೆಯುತ್ತದೆ. ತಂತಿಯ ಮೇಲೆ ಓಡಾಡಿದ್ದು ಮುದ್ರಿಸಬಹುದಾದ ಅಕ್ಷರಗಳಷ್ಟೇ. ಹಳೆಯ ಪ್ಯಾಕೆಟ್‌ಗಳು ನೂರು ಅಕ್ಷರವನ್ನೂ ಮುಟ್ಟದಷ್ಟು ಚಿಕ್ಕವಿದ್ದುದರಿಂದ ಕೆರ್ಮಿಟ್ ನಿಧಾನ ಎಂಬ ಹೆಸರು ಅಂಟಿತು. ಆಮೇಲೆ 9024 ಬೈಟ್‌ವರೆಗಿನ ಪ್ಯಾಕೆಟ್ ಮತ್ತು, ಪ್ರತಿಯೊಂದರ ಉತ್ತರಕ್ಕೂ ಕಾಯದೆ ಹಲವು ಪ್ಯಾಕೆಟ್ ಕಳಿಸುವ ಸ್ಲೈಡಿಂಗ್ ವಿಂಡೋ ಬಂದವು. ಅವನ್ನು ಆನ್ ಮಾಡಿಕೊಂಡರೆ ಆ ದೂರಿಗೆ ಅರ್ಥ ಉಳಿಯುವುದಿಲ್ಲ.

ಸಿ-ಕೆರ್ಮಿಟ್‌ನ ಒಳಗೇ ಸ್ಕ್ರಿಪ್ಟ್ ಭಾಷೆಯೂ ಇದೆ. 'ಇನ್‌ಪುಟ್' ಕಾಯುತ್ತದೆ, 'ಲೈನ್‌ಔಟ್' ಟೈಪ್ ಮಾಡುತ್ತದೆ, 'ಇಫ್ ಫೇಲ್' ಕೆಟ್ಟಾಗ ಏನು ಮಾಡಬೇಕೆಂದು ಹೇಳುತ್ತದೆ, 'ಸೆಂಡ್' ಫೈಲ್ ಕಳಿಸುತ್ತದೆ. ಲಾಗಿನ್ ಆಗುವುದು, ಫೈಲ್ ದಾಟಿಸುವುದು, ಫಲಿತಾಂಶ ನೋಡುವುದು ಎಲ್ಲ ಒಂದೇ ಕಡೆ ಆಗುವುದರಿಂದ ಎಕ್ಸ್‌ಪೆಕ್ಟ್‌ಗೆ ಇನ್ನೊಂದನ್ನು ಗಂಟು ಹಾಕಬೇಕಿಲ್ಲ. ಕೊಲಂಬಿಯಾ 2011ರಲ್ಲಿ ಯೋಜನೆಯಿಂದ ಕೈ ತೊಳೆದುಕೊಂಡಿತು, ಸಿ-ಕೆರ್ಮಿಟ್ ಬಿಎಸ್‌ಡಿ ಲೈಸೆನ್ಸ್ ಅಡಿ ಮುಕ್ತವಾಯಿತು.

ಟಾರ್ ಫೈಲನ್ನು ಎಸ್‌ಎಸ್‌ಎಚ್ ಪೈಪ್‌ನಲ್ಲಿ ತಂದರೆ ಕೆಟ್ಟುಹೋಗುತ್ತದೆ. ಎಸ್‌ಎಸ್‌ಎಚ್ ಬೈಟ್ ಕೆಡಿಸುವುದಿಲ್ಲ ಎಂದಿರಲ್ಲ?

ಎಸ್‌ಎಸ್‌ಎಚ್ ಕೆಡಿಸಿಲ್ಲ, ನೀವು ಸಣ್ಣ 'ಟಿ' ಆಯ್ಕೆ ಕೊಟ್ಟು ಆಚೆ ಕಡೆ ಟರ್ಮಿನಲ್ ತರಿಸಿಕೊಂಡಿದ್ದೀರಿ. ಸುಡೋ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸಾಧನ) ಪಾಸ್‌ವರ್ಡ್ ಕೇಳಲಿ ಎಂದು ಹಾಕಿದ್ದಿರಬೇಕು. ಟರ್ಮಿನಲ್ ಪ್ರತಿ ಹೊಸಸಾಲು ಬೈಟಿನ ಮುಂದೆ ಒಂದು ಕ್ಯಾರೇಜ್ ರಿಟರ್ನ್ ಸೇರಿಸುತ್ತದೆ. ಟೆಕ್ಸ್ಟ್‌ಗೆ ನಡೆಯುತ್ತದೆ, ಟಾರ್‌ಗೆ ನಡೆಯದು. 'ಟಿ' ತೆಗೆದು, ಆ ಒಂದು ಕಮಾಂಡಿಗೆ ಪಾಸ್‌ವರ್ಡ್ ಇಲ್ಲದ ಸುಡೋ ನಿಯಮ ಬರೆಯಿರಿ.

ಕನ್ನಡ ಹೆಸರಿನ ಫೈಲ್‌ಗಳು ಎರಡೆರಡು ಸಲ ಕಾಣಿಸಿಕೊಳ್ಳುತ್ತವೆ. ಏಕೆ?

'ಕೊ' ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, 'ಕೆ'ಯ ಚಿಹ್ನೆ ಮತ್ತು 'ಕೂ'ವಿನ ಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಒಂದೇ, ಬೈಟ್‌ನಲ್ಲಿ ಬೇರೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಒಡೆದೇ ಇಡುತ್ತಿತ್ತು, ಲಿನಕ್ಸ್ ಕೊಟ್ಟ ಬೈಟ್‌ಗಳನ್ನು ಹಾಗೆಯೇ ಇಡುತ್ತದೆ. ಆರ್‌ಸಿಂಕ್‌ನ 'ಐಕಾನ್ವ್' ಆಯ್ಕೆ ಇದನ್ನು ಸರಿಪಡಿಸುತ್ತದೆ.

ನೆಟ್‌ವರ್ಕ್ ಕಡಿದರೆ ಸ್ಕ್ರಿಪ್ಟ್ ಗಂಟೆಗಟ್ಟಲೆ ನೇತಾಡುತ್ತದೆ, ಅಷ್ಟರಲ್ಲಿ ಕ್ರಾನ್ ಇನ್ನೊಂದನ್ನು ಶುರು ಮಾಡುತ್ತದೆ.

ಕನೆಕ್ಟ್ ಟೈಮ್‌ಔಟ್ ಕೊಡಿ. ಸರ್ವರ್ ಅಲೈವ್ ಇಂಟರ್ವಲ್ 15 ಎಂದು ಕೊಟ್ಟರೆ, ಮೂರು ಸಲ ಉತ್ತರ ಬರದಾಗ, ಅಂದರೆ ಸುಮಾರು 45 ಸೆಕೆಂಡಿಗೆ, ಎಸ್‌ಎಸ್‌ಎಚ್ ಕೈ ಬಿಡುತ್ತದೆ. ಒಂದರ ಮೇಲೊಂದು ಓಡದಂತೆ ಎಫ್‌ಲಾಕ್ ಬಳಸಿ. ಮತ್ತೆ ಪ್ರಯತ್ನಿಸುವಾಗ ಪ್ರತಿ ಸಲ ಹೆಚ್ಚು ಹೊತ್ತು ಕಾಯಿರಿ. ಆದರೆ ಕೀ ತಿರಸ್ಕೃತವಾದರೆ ಮತ್ತೆ ಮತ್ತೆ ತಟ್ಟಬೇಡಿ. ಆಚೆ ಕಡೆ ನಿಮ್ಮ ಐಪಿಯನ್ನೇ ಬ್ಲಾಕ್ ಮಾಡಿಯಾರು.

ಹಳೆಯ ಉಪಕರಣಕ್ಕೆ ಹೊಸ ಲಿನಕ್ಸ್‌ನಿಂದ ಕನೆಕ್ಟ್ ಆಗುತ್ತಿಲ್ಲ.

2021ರ ಸೆಪ್ಟೆಂಬರ್‌ನ ಓಪನ್‌ಎಸ್‌ಎಸ್‌ಎಚ್ 8.8ರಿಂದ ಶಾ1 ಬಳಸುವ ಆರ್‌ಎಸ್‌ಎ ಸಹಿ ಬಂದ್. ಕಾನ್ಫಿಗ್ ಫೈಲಿನಲ್ಲಿ ಆ ಒಂದು ಹೋಸ್ಟ್‌ಗೆ ಮಾತ್ರ ಮತ್ತೆ ತೆರೆಯಿರಿ, ಎಲ್ಲಕ್ಕೂ ಅಲ್ಲ.

ವಿಂಡೋಸ್‌ನಿಂದ ಇದೆಲ್ಲ ಸಾಧ್ಯವೇ?

ಸಾಧ್ಯ. ವಿಂಡೋಸ್ 10ರ 1809 ಆವೃತ್ತಿಯಿಂದ ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್ ಒಳಗೇ ಸಿಗುತ್ತದೆ. ಫೈಲ್ ಸಾಗಿಸುವ ವಿನ್‌ಎಸ್‌ಸಿಪಿ ಪ್ರೋಗ್ರಾಂಗೆ ತನ್ನದೇ ಸ್ಕ್ರಿಪ್ಟ್ ಭಾಷೆ ಇದೆ. ಟಾಸ್ಕ್ ಶೆಡ್ಯೂಲರ್ ಬೇರೆ ಯೂಸರ್ ಹೆಸರಿನಲ್ಲಿ ಓಡಿಸಿದರೆ ಕೀ ಮತ್ತು ಹೋಸ್ಟ್ ಕೀ ನೆನಪು ಎರಡೂ ಅಲ್ಲಿ ಇರುವುದಿಲ್ಲ. ಕ್ರಾನ್‌ನ ಕಥೆಯೇ ಇಲ್ಲೂ.

ಫೈಲ್ ತಲುಪಿದ ಮೇಲೆ ಮೂಲವನ್ನು ಸ್ಕ್ರಿಪ್ಟ್ ಅಳಿಸಬಹುದೇ?

ಕಳಿಸಿದ ಓಟದಲ್ಲೇ ಅಳಿಸಬೇಡಿ. 'ಕಳಿಸಿದ್ದು' ಎಂಬ ಫೋಲ್ಡರ್‌ಗೆ ಸರಿಸಿ, ಆಚೆ ಕಡೆಯ ಶಾ256 ತಾಳೆಯಾದ ಮೇಲೆ ಬೇರೊಂದು ಸ್ಕ್ರಿಪ್ಟ್ ಕೆಲವು ದಿನ ಬಿಟ್ಟು ಅಳಿಸಲಿ. ಆರ್‌ಸಿಂಕ್‌ಗೆ 'ರಿಮೂವ್ ಸೋರ್ಸ್ ಫೈಲ್ಸ್' ಆಯ್ಕೆ ಇದೆ. ಬರೆಯುವ ಪ್ರೋಗ್ರಾಂ ಇನ್ನೂ ಆ ಫೈಲನ್ನು ತೆರೆದಿಟ್ಟುಕೊಂಡಿದ್ದರೆ, ನಂತರ ಬರೆದ ಸಾಲುಗಳು ಎರಡೂ ಕಡೆ ಸಿಗುವುದಿಲ್ಲ. ಬರೆಯುವವರಿಗೂ ಮೇಲಿನ ನಿಯಮವೇ: ಬೇರೆ ಹೆಸರಿನಲ್ಲಿ ಬರೆದು, ಮುಚ್ಚಿ, ಆಮೇಲೆ ಸಾಗಿಸುವ ಫೋಲ್ಡರ್‌ಗೆ ಸರಿಸಲಿ.